ಡಾಡ್ಜರ್ಸ್ ಗೆಲ್ಲುವುದೇ ಬೇಸ್‌ಬಾಲ್‌ನ ಕಾಯಿಲೆಯಾ?

2025ರ ಅಕ್ಟೋಬರ್ 17. ಲಾಸ್ ಏಂಜಲೀಸ್ ಡಾಡ್ಜರ್ಸ್ ಅನ್ನುವ ಬೇಸ್‌ಬಾಲ್ ತಂಡ ನ್ಯಾಷನಲ್ ಲೀಗ್ ಗೆದ್ದು ಫೈನಲ್ ಸೇರಿದ ರಾತ್ರಿ. ಮೈದಾನದಲ್ಲೇ ಮೈಕ್ ಹಿಡಿದ ಮ್ಯಾನೇಜರ್ ಡೇವ್ ರಾಬರ್ಟ್ಸ್ ಒಂದು ಕೊಂಕು ಬಿಟ್ಟರು. ನಮ್ಮಿಂದ ಬೇಸ್‌ಬಾಲ್ ಹಾಳಾಗುತ್ತಿದೆ ಅಂತ ಎಲ್ಲರೂ ಹೇಳುತ್ತಿದ್ದರು, ಇನ್ನು ನಾಲ್ಕು ಪಂದ್ಯ ಗೆದ್ದು ನಿಜವಾಗಿಯೂ ಹಾಳು ಮಾಡಿಬಿಡೋಣ ಅನ್ನುವ ಅರ್ಥದ ಮಾತು ಅದು. ಎರಡು ವಾರದಲ್ಲಿ ಆ ನಾಲ್ಕೂ ಬಂದವು. ನವೆಂಬರ್ 1ರಂದು ಟೊರಾಂಟೊ ಬ್ಲೂ ಜೇಸ್ ವಿರುದ್ಧದ ಫೈನಲ್ ಸರಣಿಯ (ವರ್ಲ್ಡ್ ಸೀರೀಸ್) ಏಳನೇ ಪಂದ್ಯ ಮಾಮೂಲಿ ಒಂಬತ್ತರ ಬದಲು 11 ಇನ್ನಿಂಗ್ಸ್‌ವರೆಗೆ ಎಳೆದಾಡಿ 5-4ಕ್ಕೆ ಮುಗಿಯಿತು. ಡಾಡ್ಜರ್ಸ್ ಸತತ ಎರಡನೇ ವರ್ಷ ಚಾಂಪಿಯನ್ ಆಯಿತು.

ಅಲ್ಲಿಗೇ ನಿಲ್ಲಲಿಲ್ಲ. 2026ರ ಜನವರಿಯಲ್ಲಿ ಆ ಚಳಿಗಾಲದ ಮಾರುಕಟ್ಟೆಯ ದೊಡ್ಡ ಹೆಸರು ಕೈಲ್ ಟಕರ್‌ನನ್ನೂ ಡಾಡ್ಜರ್ಸ್ ತನ್ನ ಬುಟ್ಟಿಗೆ ಹಾಕಿಕೊಂಡಿತು. ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್. ಉಳಿದ ಊರುಗಳ ಅಭಿಮಾನಿಗಳಿಗೆ ಉರಿ ಹತ್ತಿತು. ತಂಡದ ಒಟ್ಟು ಸಂಬಳಕ್ಕೆ ಗಟ್ಟಿ ಮಿತಿ ಹಾಕಬೇಕು ಅನ್ನುವ ಕೂಗು ಜೋರಾಯಿತು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಆಮೇಲೆ ಆಟಕ್ಕೇ ಬೀಗ ಬೀಳಬಹುದು ಅನ್ನುವ ಮಾತು ತಿಂಗಳುಗಳಿಂದ ಕೇಳಿಬರುತ್ತಿದೆ.

ದೂರದಿಂದ ನೋಡುವವರಿಗೆ ಇದು ಗೊಂದಲ. 2025ರಲ್ಲಿ ಮೈದಾನಕ್ಕೆ ಬಂದವರು 7 ಕೋಟಿಗೂ ಜಾಸ್ತಿ, ಅದೂ ಸತತ ಮೂರನೇ ವರ್ಷದ ಏರಿಕೆ. ಆ ಏಳನೇ ಪಂದ್ಯವನ್ನು ಅಮೆರಿಕ, ಕೆನಡಾ, ಜಪಾನ್ ಸೇರಿ ಸರಾಸರಿ 5 ಕೋಟಿ ಜನ ನೋಡಿದರು. ವ್ಯಾಪಾರ ಇಷ್ಟು ಚೆನ್ನಾಗಿರುವಾಗ ಅಂಗಡಿ ಬಾಗಿಲು ಹಾಕುವ ಮಾತು ಯಾಕೆ? ಕೋಟ್ಯಧಿಪತಿ ಮಾಲೀಕರು ‘ನಮ್ಮ ಕೈ ಕಟ್ಟಿಹಾಕಿ, ನಾವು ಖರ್ಚು ಮಾಡದಂತೆ ತಡೆಯಿರಿ’ ಅಂತ ತಾವೇ ಕೇಳುವುದು ಯಾಕೆ?

ಜಗಳ ಹುಟ್ಟುವ ಜಾಗ: ಊರಿನ ಟಿವಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡ ವರ್ಷಕ್ಕೆ 162 ಲೀಗ್ ಪಂದ್ಯ ಆಡುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಹೆಚ್ಚು ಕಡಿಮೆ ದಿನಾ ಆಟ. ಇಷ್ಟೊಂದು ಪಂದ್ಯಗಳನ್ನು ಇಡೀ ದೇಶಕ್ಕೆ ತೋರಿಸುವ ಚಾನೆಲ್ ಯಾವುದೂ ಇಲ್ಲ. ಹಾಗಾಗಿ ಬಹುಪಾಲು ಪಂದ್ಯಗಳು ಆಯಾ ಊರಿನ ಚಾನೆಲ್‌ಗಳಲ್ಲಿ ಬರುತ್ತವೆ, ಆ ಹಕ್ಕನ್ನು ತಂಡವೇ ಮಾರಿಕೊಳ್ಳುತ್ತದೆ.

ವಿಷಯದ ಬೇರು ಇಲ್ಲಿದೆ. ಡಾಡ್ಜರ್ಸ್ 2013ರಲ್ಲಿ ಕೇಬಲ್ ಕಂಪನಿಯೊಂದರ ಜೊತೆ 25 ವರ್ಷದ ಒಪ್ಪಂದ ಮಾಡಿಕೊಂಡಿತು. ಮೊತ್ತ 835 ಕೋಟಿ ಡಾಲರ್. ಸರಾಸರಿ ವರ್ಷಕ್ಕೆ 33 ಕೋಟಿ ಡಾಲರ್‌ಗೂ ಮೇಲೆ. ಮಿಲ್ವಾಕಿಯಂಥ ಊರಿನಲ್ಲಿ ಅಷ್ಟು ಮನೆಗಳೂ ಇಲ್ಲ, ಅಷ್ಟು ದೊಡ್ಡ ಜಾಹೀರಾತು ಮಾರುಕಟ್ಟೆಯೂ ಇಲ್ಲ. ಅಲ್ಲಿ ಬರುವುದು ಇದರ ಸಣ್ಣ ಪಾಲು. ಮೊದಲ ಚೆಂಡು ಎಸೆಯುವ ಮುಂಚೆಯೇ ಒಬ್ಬರ ಜೇಬು ತುಂಬಿರುತ್ತದೆ, ಇನ್ನೊಬ್ಬರು ಚಿಲ್ಲರೆ ಎಣಿಸುತ್ತಿರುತ್ತಾರೆ.

ಇತ್ತೀಚೆಗೆ ಈ ಅಂತರ ಇನ್ನೂ ಹಿಗ್ಗಿದೆ. ಅಮೆರಿಕದ ಜನ ಕೇಬಲ್ ಸಂಪರ್ಕ ಕಿತ್ತುಹಾಕುತ್ತಿದ್ದಾರೆ. 14 ಬೇಸ್‌ಬಾಲ್ ತಂಡಗಳ ಪಂದ್ಯ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಕಂಪನಿ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ಮಧ್ಯಮ ಮತ್ತು ಸಣ್ಣ ಊರುಗಳಿಗೆ. ಡಾಡ್ಜರ್ಸ್‌ನ ಹಳೇ ಒಪ್ಪಂದ ಮಾತ್ರ ಕಲ್ಲು ಬಂಡೆಯ ಹಾಗೆ ನಿಂತಿದೆ.

ಇಡೀ ದೇಶದ ಟಿವಿ ಒಪ್ಪಂದಗಳ ಹಣವನ್ನು 30 ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ ನಿಜ. ಸ್ಥಳೀಯ ಆದಾಯದಲ್ಲೂ ಪ್ರತಿ ತಂಡ 48 ಶೇಕಡಾ ಭಾಗವನ್ನು ಒಂದು ಹುಂಡಿಗೆ ಹಾಕಬೇಕು, ಅದು ಸಮನಾಗಿ ಹಂಚಿಕೆಯಾಗುತ್ತದೆ. ಆದರೆ ಉಳಿದ 52 ಶೇಕಡಾ ಭಾಗದಲ್ಲೇ ಅಜಗಜಾಂತರ ಇದ್ದರೆ ಹುಂಡಿ ಎಷ್ಟು ತಾನೇ ಸರಿ ಮಾಡೀತು?

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಇದಕ್ಕೆ ತದ್ವಿರುದ್ಧ. ಅಲ್ಲಿ ಟಿವಿ ಹಣ ಬಹುತೇಕ ಒಂದೇ ಗಂಟು, 32 ತಂಡಗಳಿಗೂ ಸಮ ಪಾಲು. ಅದಕ್ಕೇ ಸುಮಾರು ಒಂದು ಲಕ್ಷ ಜನರಿರುವ ಗ್ರೀನ್ ಬೇ ಊರಿನ ತಂಡ ನ್ಯೂಯಾರ್ಕ್ ತಂಡಗಳ ಎದುರು ತಲೆ ಎತ್ತಿ ನಿಲ್ಲುತ್ತದೆ. ಐಪಿಎಲ್‌ನಲ್ಲೂ ಇದೇ ದಾರಿ. 2023ರಿಂದ 2027ರವರೆಗಿನ ಪ್ರಸಾರ ಹಕ್ಕನ್ನು ಬಿಸಿಸಿಐ ಒಟ್ಟಾಗಿ 48,390 ಕೋಟಿ ರೂಪಾಯಿಗೆ ಮಾರಿತು, ತಂಡಗಳಿಗೆ ಅದರಲ್ಲಿ ಪಾಲು ಹೋಗುತ್ತದೆ. ಆರ್‌ಸಿಬಿ ತನ್ನ ಪಂದ್ಯಗಳನ್ನು ಬೆಂಗಳೂರಿನ ಚಾನೆಲ್‌ಗೆ ಬೇರೆಯಾಗಿ ಮಾರಿಕೊಂಡು, ಲಖನೌ ತನ್ನದನ್ನು ಅಲ್ಲಿನ ಚಾನೆಲ್‌ಗೆ ಮಾರಿಕೊಂಡಿದ್ದರೆ ಐಪಿಎಲ್ ಹೇಗಿರುತ್ತಿತ್ತು ಅಂತ ಸುಮ್ನೆ ಊಹಿಸಿ ನೋಡಿ. ಬೇಸ್‌ಬಾಲ್ ಇರುವುದು ಹಾಗೆ.

ತೆರಿಗೆ ಇದೆ, ಹೆದರುವವರು ಎಲ್ಲರೂ ಅಲ್ಲ

ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ. ಅದರ ಬದಲು ಒಂದು ದಂಡವಿದೆ. ಅದನ್ನು ಲಕ್ಷುರಿ ಟ್ಯಾಕ್ಸ್ ಅನ್ನುತ್ತಾರೆ. 2026ಕ್ಕೆ ಇದರ ಗೆರೆ 24.4 ಕೋಟಿ ಡಾಲರ್. ತಂಡದ ಒಟ್ಟು ಸಂಬಳ ಆ ಗೆರೆ ದಾಟಿದರೆ ದಾಟಿದಷ್ಟಕ್ಕೆ ತೆರಿಗೆ. ಮೊದಲ ಸಲ 20 ಶೇಕಡಾ, ಸತತ ಎರಡನೇ ವರ್ಷ 30, ಮೂರನೇ ವರ್ಷದಿಂದ 50. ಗೆರೆಗಿಂತ ತುಂಬಾ ಮೇಲೆ ಹೋದರೆ ಮೇಲುತೆರಿಗೆ ಬೇರೆ. 6 ಕೋಟಿ ಡಾಲರ್‌ಗಿಂತ ಹೆಚ್ಚು ದಾಟಿದ ಭಾಗಕ್ಕೆ ಇನ್ನೂ 60 ಶೇಕಡಾ ಸೇರುತ್ತದೆ.

ಮೂರನೇ ಸಲ, ಅದೂ ತುತ್ತತುದಿಯಲ್ಲಿದ್ದರೆ 50 ಮತ್ತು 60 ಸೇರಿ 110 ಶೇಕಡಾ. ಒಂದು ಡಾಲರ್ ಸಂಬಳ ಕೊಟ್ಟರೆ ಒಂದು ಡಾಲರ್ ಹತ್ತು ಸೆಂಟ್ ತೆರಿಗೆ. ಡಾಡ್ಜರ್ಸ್ ಈಗ ಇರುವುದು ಅಲ್ಲೇ. ಟಕರ್‌ಗೆ ಸರಾಸರಿ ವರ್ಷಕ್ಕೆ 6 ಕೋಟಿ ಡಾಲರ್ ಅಂದರೆ ತೆರಿಗೆ ಸೇರಿ ಮಾಲೀಕರ ಜೇಬಿನಿಂದ ಹೋಗುವುದು 12 ಕೋಟಿಗೂ ಹೆಚ್ಚು.

2025ರಲ್ಲಿ ತೆರಿಗೆ ಲೆಕ್ಕದಲ್ಲಿ ಡಾಡ್ಜರ್ಸ್‌ನ ಸಂಬಳ ಸುಮಾರು 41.7 ಕೋಟಿ ಡಾಲರ್ ಇತ್ತು. ಅದಕ್ಕೆ ಕಟ್ಟಿದ ತೆರಿಗೆ 16.9 ಕೋಟಿ, ಅದೊಂದು ದಾಖಲೆ. ಮಯಾಮಿ ಮಾರ್ಲಿನ್ಸ್‌ನಂಥ ತಂಡದ ಇಡೀ ಸಂಬಳ 10 ಕೋಟಿ ಡಾಲರ್ ಮುಟ್ಟಲಿಲ್ಲ. ಒಬ್ಬರು ಕಟ್ಟುವ ದಂಡಕ್ಕಿಂತ ಇನ್ನೊಬ್ಬರ ಇಡೀ ಮನೆ ಖರ್ಚು ಕಡಿಮೆ.

ದಂಡ ಅನ್ನುವುದು ಹೆದರಿಸುವುದಕ್ಕೆ ಇರುವಂಥದ್ದು. ಅದು ಕೆಲಸ ಮಾಡುತ್ತಿದೆ, ಆದರೆ ತಪ್ಪು ಜಾಗದಲ್ಲಿ. ಬಾಸ್ಟನ್ ರೆಡ್ ಸಾಕ್ಸ್ ಬಡ ತಂಡವಲ್ಲ. ಆದರೂ 2020ರ ಫೆಬ್ರವರಿಯಲ್ಲಿ ತನ್ನ ಅತ್ಯುತ್ತಮ ಆಟಗಾರ ಮೂಕಿ ಬೆಟ್ಸ್‌ನನ್ನು ಬಿಟ್ಟುಕೊಟ್ಟಿತು, ಖರ್ಚು ಮತ್ತು ತೆರಿಗೆ ಇಳಿಸಿಕೊಳ್ಳುವ ಲೆಕ್ಕಾಚಾರ ಅದರ ಹಿಂದಿತ್ತು. ಬೆಟ್ಸ್ ಹೋಗಿ ಸೇರಿದ್ದು ಎಲ್ಲಿಗೆ? ಡಾಡ್ಜರ್ಸ್‌ಗೆ. ಆ ವರ್ಷವೇ ಅವರು ಕಪ್ ಎತ್ತಿದರು. ತೆರಿಗೆಗೆ ಮಧ್ಯದವರು ಹೆದರಿದರು, ತುದಿಯಲ್ಲಿರುವವರು ಬಿಲ್ ಕಟ್ಟಿ ಮುಂದೆ ನಡೆದರು.

ಇಂದು ಉದ್ರಿ, ನಾಳೆ ನಗದು

ನಮ್ಮ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ಇರುತ್ತದೆ. ಡಾಡ್ಜರ್ಸ್ ಅದನ್ನು ತಿರುಗಿಸಿ ಹಾಕಿಕೊಂಡಿದೆ.

2023ರ ಡಿಸೆಂಬರ್‌ನಲ್ಲಿ ಜಪಾನಿನ ತಾರೆ ಶೊಹೆ ಒಟಾನಿ 10 ವರ್ಷಕ್ಕೆ 70 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಇವತ್ತಿನ ಲೆಕ್ಕದಲ್ಲಿ 6 ಸಾವಿರ ಕೋಟಿ ರೂಪಾಯಿಗೂ ಮೇಲೆ. ವರ್ಷಕ್ಕೆ 7 ಕೋಟಿ ಡಾಲರ್ ಆಯಿತು. ಆದರೆ ಆಡುವ ವರ್ಷಗಳಲ್ಲಿ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ. ಉಳಿದ 6.8 ಕೋಟಿ ಬಾಕಿ. ಆ ಬಾಕಿ 2034ರಿಂದ 2043ರವರೆಗೆ ಬಡ್ಡಿ ಇಲ್ಲದೆ ಬರುತ್ತದೆ.

ಹತ್ತು ವರ್ಷದ ನಂತರ ಸಿಗುವ ಸಾವಿರ ರೂಪಾಯಿ ಇವತ್ತಿನ ಸಾವಿರಕ್ಕೆ ಸಮ ಅಲ್ಲ, ಅಲ್ವಾ? ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೆಲ್ಲ ಈ ಲೆಕ್ಕ ಗೊತ್ತು. ಹಾಗಾಗಿ ತೆರಿಗೆಗೆ 7 ಕೋಟಿಯ ಬದಲು ಅದರ ಇಂದಿನ ಬೆಲೆ, ಅಂದರೆ ಸುಮಾರು 4.6 ಕೋಟಿ ಡಾಲರ್ ಲೆಕ್ಕಕ್ಕೆ ಬರುತ್ತದೆ. ಅದರ ಮೇಲಿನ ತೆರಿಗೆಯೂ ಕಡಿಮೆ, ಈಗ ಕೈಯಿಂದ ಹೋಗುವ ನಗದೂ ಕಡಿಮೆ.

ಇದು ಮೋಸ ಅಂತ ಬೈಯುವವರು ತುಂಬಾ ಜನ. ನನ್ನ ಪ್ರಕಾರ ಆ ಬೈಗುಳ ಅರ್ಧ ಸರಿ. ನಿಯಮದಲ್ಲಿ ಬಾಕಿ ಇಡುವುದಕ್ಕೆ ಮಿತಿಯೇ ಇಲ್ಲ, 30 ತಂಡಗಳಿಗೂ ಇದು ಒಂದೇ. ಮುಂದೆ ಕೊಡಬೇಕಾದ ಹಣಕ್ಕೆ ತಂಡ ಈಗಲೇ ದುಡ್ಡು ಎತ್ತಿಡಬೇಕು ಅನ್ನುವ ಷರತ್ತೂ ಇದೆ. ಆದರೆ ಇವತ್ತು 20 ಲಕ್ಷ ಸಾಕು ಅನ್ನುವ ಧೈರ್ಯ ಒಟಾನಿಗೆ ಇದ್ದದ್ದು ಜಾಹೀರಾತಿನಿಂದ ಅವರಿಗೆ ಧಾರಾಳವಾಗಿ ಹಣ ಬರುವುದರಿಂದ. ಅವರು ಬಂದ ಮೇಲೆ ಜಪಾನಿನ ಕಂಪನಿಗಳ ಜಾಹೀರಾತು ಡಾಡ್ಜರ್ಸ್ ಮೈದಾನವನ್ನೂ ತುಂಬಿತು. 2025ರಲ್ಲಿ ಆ ಮೈದಾನಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬಂದರು. ಹಣ ತಾರೆಯನ್ನು ತರುತ್ತದೆ, ತಾರೆ ಹಣವನ್ನು ತರುತ್ತಾನೆ, ಆ ಹಣ ಮುಂದಿನ ತಾರೆಯನ್ನು ತರುತ್ತದೆ. ಪಿಟ್ಸ್‌ಬರ್ಗ್‌ನಂಥ ಸಣ್ಣ ಊರಿನ ತಂಡ ಇದೇ ಒಪ್ಪಂದ ಒಟಾನಿಯ ಮುಂದೆ ಇಟ್ಟಿದ್ದರೂ ಈ ಚಕ್ರ ಅಲ್ಲಿ ಇಷ್ಟು ಜೋರಾಗಿ ತಿರುಗುತ್ತಿರಲಿಲ್ಲ.

ಹಾಗಾದರೆ ಯಾವಾಗಲೂ ಅವರೇ ಗೆಲ್ಲುತ್ತಾರಾ?

ಇಲ್ಲ. ಮಾತು ತಪ್ಪುದಾರಿ ಹಿಡಿಯುವುದು ಇಲ್ಲೇ.

2001ರಿಂದ 2025ರವರೆಗಿನ 25 ಸೀಸನ್‌ಗಳಲ್ಲಿ ಕಪ್ ಗೆದ್ದದ್ದು 16 ಬೇರೆ ಬೇರೆ ತಂಡಗಳು. ಡಾಡ್ಜರ್ಸ್‌ಗೆ ಮುಂಚೆ ಸತತ ಎರಡು ಸಲ ಗೆದ್ದವರನ್ನು ಹುಡುಕಬೇಕಾದರೆ 1998ರಿಂದ 2000ದವರೆಗಿನ ನ್ಯೂಯಾರ್ಕ್ ಯಾಂಕೀಸ್‌ವರೆಗೆ ಹೋಗಬೇಕು.

ಈಗ ಸಂಬಳಕ್ಕೆ ಮಿತಿ ಇರುವ ಆಟಗಳನ್ನು ನೋಡಿ. ಎನ್‌ಎಫ್‌ಎಲ್‌ನಲ್ಲಿ 1994ರಿಂದ ಗಟ್ಟಿ ಮಿತಿ ಇದೆ. ಆದರೂ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎರಡು ದಶಕದೊಳಗೆ ಆರು ಸಲ ಗೆದ್ದಿತು. ಆಮೇಲೆ ಕ್ಯಾನ್ಸಸ್ ಸಿಟಿ ಚೀಫ್ಸ್ ಬಂತು. ಐಪಿಎಲ್‌ನಲ್ಲಿ ಹರಾಜಿನ ಪರ್ಸ್ ಅನ್ನುವುದೇ ಮಿತಿ, 2025ರ ದೊಡ್ಡ ಹರಾಜಿಗೆ ತಂಡಕ್ಕೆ 120 ಕೋಟಿ ರೂಪಾಯಿ. ಎಲ್ಲರಿಗೂ ಒಂದೇ ಪರ್ಸ್. ಆದರೂ 2008ರಿಂದ 2025ರವರೆಗಿನ 18 ಕಪ್‌ಗಳಲ್ಲಿ ಮುಂಬೈ 5, ಚೆನ್ನೈ 5, ಕೋಲ್ಕತ್ತಾ 3. ಮೂರೇ ತಂಡಕ್ಕೆ 13. ಅದೇ ಪರ್ಸ್ ಇಟ್ಟುಕೊಂಡು ಆರ್‌ಸಿಬಿ ಮೊದಲ ಕಪ್ ಎತ್ತಲು 18ನೇ ಸೀಸನ್‌ವರೆಗೆ ಕಾಯಬೇಕಾಯಿತು. ‘ಈ ಸಲ ಕಪ್ ನಮ್ದೇ’ ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಟು ಹತ್ತು ತಂಡಗಳ ಲೀಗನ್ನು 30 ತಂಡಗಳ ಲೀಗ್ ಜೊತೆ ನೇರವಾಗಿ ತೂಗುವುದು ಸರಿಯಲ್ಲ, ಒಪ್ಪೋಣ. ಆದರೂ ಮಿತಿ ಇದ್ದರೆ ಕಪ್ ತಾನಾಗಿಯೇ ಎಲ್ಲರ ಮನೆಗೆ ಹೋಗುತ್ತದೆ ಅನ್ನುವುದು ಸುಳ್ಳು ಅಂತ ತೋರಿಸಲು ಇಷ್ಟು ಸಾಕು.

ಬೇಸ್‌ಬಾಲ್‌ನಲ್ಲಿ ಕಪ್ ಇಷ್ಟೊಂದು ಕೈ ಬದಲಾಯಿಸುವುದಕ್ಕೆ ಕಾರಣ ಆಟದ ಒಳಗೇ ಇದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಬ್ಬ ದೊಡ್ಡ ಆಟಗಾರ ಪಂದ್ಯದುದ್ದಕ್ಕೂ ಚೆಂಡು ಹಿಡಿದು ಆಡಬಹುದು. ಬೇಸ್‌ಬಾಲ್‌ನಲ್ಲಿ ಎಷ್ಟೇ ದೊಡ್ಡ ಬ್ಯಾಟರ್ ಆದರೂ ಉಳಿದ ಎಂಟು ಜನ ಬಂದು ಹೋದ ಮೇಲೆಯೇ ಮತ್ತೆ ಅವನ ಸರದಿ. ಒಳ್ಳೆಯ ಪಿಚರ್ ಐದು ದಿನಕ್ಕೊಮ್ಮೆ, ಆರು ದಿನಕ್ಕೊಮ್ಮೆ ಎಸೆಯುತ್ತಾನೆ. ಅಷ್ಟೆಲ್ಲ ಖರ್ಚು ಮಾಡಿದ 2025ರ ಡಾಡ್ಜರ್ಸ್ 162ರಲ್ಲಿ ಗೆದ್ದದ್ದು 93. ಅಂದರೆ ಹತ್ತಕ್ಕೆ ಆರೂ ಇಲ್ಲ. ಅದೇ ವರ್ಷ ಕೊಲರಾಡೊ ರಾಕೀಸ್ 119 ಪಂದ್ಯ ಸೋತು ನಗೆಪಾಟಲಾಯಿತು. ಆ ತಂಡವೂ 43 ಗೆದ್ದಿತ್ತು.

162 ಪಂದ್ಯದ ಮೇಲೆ ಐದು ಪಂದ್ಯದ ಸರಣಿ, ಏಳು ಪಂದ್ಯದ ಸರಣಿ ಅಂತ ಚಿಕ್ಕ ನಾಕೌಟ್ ಇಟ್ಟರೆ ಅದೃಷ್ಟಕ್ಕೆ ಬಾಗಿಲು ಅಗಲವಾಗಿ ತೆರೆದ ಹಾಗೆ. 2025ರ ಕೊನೆಯ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಟೊರಾಂಟೊ ಕಪ್‌ನಿಂದ ಎರಡೇ ಔಟ್ ದೂರದಲ್ಲಿತ್ತು. ಡಾಡ್ಜರ್ಸ್‌ನ ಮಿಗೆಲ್ ರೋಹಾಸ್ ಹೊಡೆದ ಒಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಕಥೆ ತಿರುಗಿಸಿತು. ಆ ಚೆಂಡು ಕ್ಯಾಚ್ ಆಗಿದ್ದರೆ, ಬಹುಶಃ ಈ ವರ್ಷ ಎಲ್ಲರೂ ‘ದುಡ್ಡಿಂದ ಕಪ್ ಬರಲ್ಲ ನೋಡಿ’ ಅನ್ನುವ ಲೇಖನ ಬರೆಯುತ್ತಿದ್ದರು.

ಆಸೆಯ ಲೆಕ್ಕವೇ ಬೇರೆ

ಹಾಗಾದರೆ ಸಮಸ್ಯೆಯೇ ಇಲ್ಲವಾ? ಇದೆ. ಅದು ಇರುವುದು ನವೆಂಬರ್‌ನಲ್ಲಿ ಕಪ್ ಯಾರ ಕೈಯಲ್ಲಿ ಅನ್ನುವುದರಲ್ಲಿ ಅಲ್ಲ. ಮಾರ್ಚ್‌ನಲ್ಲಿ ಸೀಸನ್ ಶುರುವಾಗುವಾಗ ಎಷ್ಟು ಊರಿನವರಿಗೆ ಆಸೆ ಇಟ್ಟುಕೊಳ್ಳಲು ಕಾರಣ ಇದೆ ಅನ್ನುವುದರಲ್ಲಿ.

ಡಾಡ್ಜರ್ಸ್ 2013ರಿಂದ 2025ರವರೆಗೆ ಒಂದು ವರ್ಷವೂ ತಪ್ಪದೆ ನಾಕೌಟ್ ಹಂತಕ್ಕೆ ಬಂದಿದೆ. 13 ವರ್ಷದಲ್ಲಿ 12 ಸಲ ತನ್ನ ವಿಭಾಗದಲ್ಲಿ ಮೊದಲ ಸ್ಥಾನ. ಆ 13 ಸಲದಲ್ಲಿ ಕಪ್ ಬಂದದ್ದು ಮೂರು ಸಲ, 2020, 2024 ಮತ್ತು 2025. ಹಣ ಅವರಿಗೆ ಕಪ್ ಕೊಡಿಸಲಿಲ್ಲ, ಪ್ರತಿ ವರ್ಷವೂ ಲಾಟರಿ ಟಿಕೆಟ್ ಕೊಡಿಸಿತು. ಒಂದು ಕೆಟ್ಟ ಖರೀದಿ ಮಾಡಿದರೂ ತಡೆದುಕೊಳ್ಳುವ ಶಕ್ತಿ ಕೊಟ್ಟಿತು. ಸಣ್ಣ ತಂಡ ಒಬ್ಬ ಆಟಗಾರನ ಮೇಲೆ ತಪ್ಪು ಲೆಕ್ಕ ಹಾಕಿದರೆ ನಾಲ್ಕು ವರ್ಷ ಕೈ ಹಿಸುಕಿಕೊಂಡು ಕೂರಬೇಕು. ಡಾಡ್ಜರ್ಸ್ ಮುಂದಿನ ಚಳಿಗಾಲ ಇನ್ನೊಬ್ಬನನ್ನು ತರುತ್ತದೆ.

ಹಣವಿದ್ದರೆ ಸಾಕು ಅಂತಲೂ ಅಲ್ಲ. 2025ರಲ್ಲಿ ಡಾಡ್ಜರ್ಸ್ ನಂತರ ಅತಿ ಹೆಚ್ಚು ಸಂಬಳ ಇದ್ದ ನ್ಯೂಯಾರ್ಕ್ ಮೆಟ್ಸ್, ಹ್ವಾನ್ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟ ತಂಡ, 83 ಪಂದ್ಯ ಗೆದ್ದು ನಾಕೌಟ್‌ಗೂ ಬರಲಿಲ್ಲ. ಅದೇ ವರ್ಷ ಇಡೀ ಲೀಗ್‌ನಲ್ಲಿ ಅತಿ ಹೆಚ್ಚು, 97 ಪಂದ್ಯ ಗೆದ್ದದ್ದು ಮಿಲ್ವಾಕಿ ಬ್ರೂವರ್ಸ್. ಅದರ ಖರ್ಚು ಡಾಡ್ಜರ್ಸ್‌ನ ಮೂರನೇ ಒಂದು ಭಾಗದ ಆಸುಪಾಸು. ಲೀಗ್ ಹಂತದಲ್ಲಿ ಡಾಡ್ಜರ್ಸ್ ವಿರುದ್ಧ ಆಡಿದ ಆರಕ್ಕೆ ಆರೂ ಪಂದ್ಯ ಮಿಲ್ವಾಕಿಯೇ ಗೆದ್ದಿತ್ತು. ಅಕ್ಟೋಬರ್‌ನಲ್ಲಿ ಮತ್ತೆ ಎದುರಾದಾಗ ನಾಲ್ಕಕ್ಕೆ ನಾಲ್ಕೂ ಸೋತಿತು. ಕೊನೆಯ ಪಂದ್ಯದಲ್ಲಿ ಒಟಾನಿ ಒಬ್ಬರೇ ಮೂರು ಹೋಮ್ ರನ್ ಹೊಡೆದರು, ಪಿಚರ್ ಆಗಿ ಹತ್ತು ಜನರನ್ನು ಸ್ಟ್ರೈಕ್‌ಔಟ್ ಕೂಡ ಮಾಡಿದರು. ಮಿಲ್ವಾಕಿಯ ಜಾಣತನಕ್ಕೆ ಇದಕ್ಕೆ ಉತ್ತರ ಇರಲಿಲ್ಲ. ಯಾರಿಗೂ ಇರಲಿಲ್ಲ ಅನ್ನಿ.

ಜಾಣತನ ಬಡವರ ಸ್ವತ್ತಾಗಿ ಉಳಿದಿಲ್ಲ ಅನ್ನುವುದೇ ಈಗಿನ ಹೊಸ ತೊಂದರೆ. ಕಡಿಮೆ ಹಣದಲ್ಲಿ ಗೆಲ್ಲುವ ವಿದ್ಯೆ ಬೆಳೆದದ್ದು ಓಕ್ಲೆಂಡ್, ಟ್ಯಾಂಪಾ ಬೇ ಮುಂತಾದ ಕಡೆ. ಟ್ಯಾಂಪಾದಲ್ಲಿ ಆ ವಿದ್ಯೆ ನಡೆಸುತ್ತಿದ್ದ ಆಂಡ್ರೂ ಫ್ರೀಡ್‌ಮನ್‌ರನ್ನು ಡಾಡ್ಜರ್ಸ್ 2014ರ ಅಕ್ಟೋಬರ್‌ನಲ್ಲಿ ಕರೆತಂದು ಆಡಳಿತ ಕೊಟ್ಟಿತು. ಬಡವರ ಮೆದುಳು, ಶ್ರೀಮಂತರ ಪರ್ಸ್ ಒಂದೇ ಮನೆಗೆ ಸೇರಿದವು.

ಆಟಗಾರರು ಒಪ್ಪದಿರುವುದು ಹಠಕ್ಕಲ್ಲ

ಆಟಗಾರರ ಸಂಘಕ್ಕೆ ‘ಮಿತಿ’ ಅನ್ನುವ ಪದ ಕೇಳಿದರೇ ಆಗುವುದಿಲ್ಲ. ಅದರ ಹಿಂದೆ ನೂರು ವರ್ಷದ ಕಥೆ ಇದೆ.

1970ರ ದಶಕದ ಮಧ್ಯದವರೆಗೆ ಬೇಸ್‌ಬಾಲ್ ಆಟಗಾರ ಒಂದು ತಂಡಕ್ಕೆ ಸಹಿ ಹಾಕಿದರೆ ಜೀವನಪೂರ್ತಿ ಆ ತಂಡದ ಆಳು. ಒಪ್ಪಂದ ಮುಗಿದರೂ ಬೇರೆಡೆ ಹೋಗುವಂತಿರಲಿಲ್ಲ. ತಂಡ ಅವನನ್ನು ಮಾರಬಹುದಿತ್ತು, ಅವನು ತನ್ನನ್ನು ತಾನು ಮಾರಿಕೊಳ್ಳುವಂತಿರಲಿಲ್ಲ. ಕರ್ಟ್ ಫ್ಲಡ್ ಅನ್ನುವ ಆಟಗಾರ ಇದರ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತರು. 1975ರ ಡಿಸೆಂಬರ್‌ನಲ್ಲಿ ಪಂಚಾಯ್ತಿ ತೀರ್ಪೊಂದು ಆ ಬೇಡಿಯನ್ನು ಕಳಚಿತು.

ಆಗ ಮಾಲೀಕರು ಹೇಳಿದ್ದೇನು? ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟರೆ ಶ್ರೀಮಂತ ತಂಡಗಳೇ ಎಲ್ಲರನ್ನೂ ಕೊಂಡುಬಿಡುತ್ತವೆ, ಸಮತೋಲನ ಹೋಗುತ್ತದೆ. ಈಗಲೂ ಅದೇ ಮಾತು. ಆದರೆ ಬೇಡಿ ಇದ್ದ ಕಾಲದಲ್ಲಿ ಸಮತೋಲನ ಇತ್ತಾ? 1936ರಿಂದ 1964ರವರೆಗಿನ 29 ವರ್ಷದಲ್ಲಿ ಯಾಂಕೀಸ್ ಒಂದೇ 16 ಕಪ್ ಗೆದ್ದಿತು. 1949ರಿಂದ 1953ರವರೆಗೆ ಸತತ ಐದು. ಆಗ 29 ವರ್ಷದಲ್ಲಿ ಒಂದೇ ತಂಡಕ್ಕೆ 16 ಕಪ್. ಈಗ 25 ವರ್ಷದಲ್ಲಿ 16 ತಂಡಗಳಿಗೆ ಕಪ್.

ಅರ್ಥಶಾಸ್ತ್ರಜ್ಞ ಸೈಮನ್ ರಾಟನ್‌ಬರ್ಗ್ 1956ರಲ್ಲೇ ಇದನ್ನು ವಿವರಿಸಿದ್ದರು. ಒಬ್ಬ ತಾರೆಯಿಂದ ಯಾವ ಊರಿನಲ್ಲಿ ಹೆಚ್ಚು ಹಣ ಹುಟ್ಟುತ್ತದೋ ಅವನು ಕೊನೆಗೆ ಆ ಊರಿಗೇ ಹೋಗುತ್ತಾನೆ. ಬೇಡಿ ಇದ್ದರೆ ತಂಡ ಅವನನ್ನು ಮಾರಿ ಹಣ ತಾನಿಟ್ಟುಕೊಳ್ಳುತ್ತದೆ, ಸ್ವಾತಂತ್ರ್ಯ ಇದ್ದರೆ ಅವನೇ ಹೋಗಿ ಹಣ ತೆಗೆದುಕೊಳ್ಳುತ್ತಾನೆ. ಬದಲಾಗುವುದು ಹಣ ಯಾರ ಜೇಬಿಗೆ ಅನ್ನುವುದು ಮಾತ್ರ. ಬೇಸ್‌ಬಾಲ್‌ನ ದಂತಕಥೆ ಬೇಬ್ ರೂತ್‌ನನ್ನು ಬಾಸ್ಟನ್ ತಂಡ ಯಾಂಕೀಸ್‌ಗೆ ಮಾರಿದ್ದು ಬೇಡಿಯ ಕಾಲದಲ್ಲೇ.

ಅಪನಂಬಿಕೆಗೆ ಇನ್ನೂ ಕಾರಣಗಳಿವೆ. 1980ರ ದಶಕದಲ್ಲಿ ಮಾಲೀಕರು ಒಳಗೊಳಗೇ ಮಾತಾಡಿಕೊಂಡು ಒಬ್ಬರ ಆಟಗಾರರಿಗೆ ಇನ್ನೊಬ್ಬರು ಬೆಲೆ ಕಟ್ಟದೆ ಕೂತರು. ಅದು ಸಾಬೀತಾಗಿ, 1990ರಲ್ಲಿ 28 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು. ಆಮೇಲೆ 1994. ಮಾಲೀಕರು ಮಿತಿ ಹೇರಲು ಹೊರಟಾಗ ಆಟಗಾರರು ಆಗಸ್ಟ್ 12ರಿಂದ ಮುಷ್ಕರ ಹೂಡಿದರು. ಆ ವರ್ಷದ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಮುಷ್ಕರ ಶುರುವಾದ ದಿನ ಇಡೀ ಲೀಗ್‌ನಲ್ಲಿ ಮುಂದಿದ್ದ ತಂಡ ಯಾವುದು ಗೊತ್ತಾ? ಸಣ್ಣ ಬಜೆಟ್‌ನ ಮಾಂಟ್ರಿಯಲ್ ಎಕ್ಸ್‌ಪೋಸ್. 74 ಗೆಲುವು, 40 ಸೋಲು. ಸಣ್ಣ ತಂಡಗಳನ್ನು ಉಳಿಸುವ ಹೆಸರಿನಲ್ಲಿ ನಡೆದ ಜಗಳದಲ್ಲಿ ದೊಡ್ಡ ಏಟು ತಿಂದದ್ದು ಅದೇ ತಂಡ. 2005ರ ಹೊತ್ತಿಗೆ ಅದು ಊರು ಬಿಟ್ಟು ವಾಷಿಂಗ್ಟನ್ ಸೇರಿತ್ತು.

ನಿಜವಾದ ಜಗಳ ಮಾಲೀಕರ ಮನೆಯೊಳಗೆ

ಮಾಲೀಕರ ವಾದವನ್ನೂ ನ್ಯಾಯವಾಗಿ ಕೇಳಬೇಕು. ರಾಕೀಸ್ ಮಾಲೀಕ ಡಿಕ್ ಮಾನ್‌ಫೋರ್ಟ್ 2025ರಲ್ಲಿ ಬಹಿರಂಗವಾಗಿಯೇ ಹೇಳಿದರು, ಮೇಲೊಂದು ಮಿತಿ, ಕೆಳಗೊಂದು ಕನಿಷ್ಠ ಖರ್ಚು ಇದ್ದರೆ ಮಾತ್ರ ಆಟ ಸರಿಯಾಗುತ್ತದೆ ಅಂತ. ಯಾಂಕೀಸ್ ಮಾಲೀಕ ಹಾಲ್ ಸ್ಟೈನ್‌ಬ್ರೆನರ್ ಕೂಡ ಡಾಡ್ಜರ್ಸ್ ಮಾಡುವುದನ್ನು ಮಾಡಲು ನಮ್ಮಲ್ಲಿ ಹೆಚ್ಚಿನವರಿಗೆ ಕಷ್ಟ ಅಂದರು. 27 ಕಪ್ ಗೆದ್ದ ಯಾಂಕೀಸ್ ಬಾಯಲ್ಲಿ ಈ ಮಾತು! ಹಳೇ ಅಭಿಮಾನಿಗಳು ನಕ್ಕಿರಬೇಕು.

ಕನಿಷ್ಠ ಖರ್ಚಿನ ಮಾತಿನಲ್ಲಿ ಹುರುಳಿದೆ. ಹುಂಡಿಯಿಂದ ಹಣ ಪಡೆದು ಅದನ್ನು ಆಟಗಾರರ ಮೇಲೆ ಹಾಕದೆ ಕೂರುವ ತಂಡಗಳಿವೆ ಅನ್ನುವುದು ಸಂಘದ ಹಳೇ ದೂರು. ಪಿಟ್ಸ್‌ಬರ್ಗ್‌ನಲ್ಲಿ ‘ತಂಡ ಮಾರಿಬಿಡಿ’ ಅಂತ ಅಭಿಮಾನಿಗಳು ಮೈದಾನದಲ್ಲೇ ಕೂಗುತ್ತಾರೆ. ಡಾಡ್ಜರ್ಸ್‌ನ ಮೇಲೆ ಮಾತ್ರ ಅವರಿಗೆ ಸಿಟ್ಟಿದ್ದಿದ್ದರೆ ಹಾಗೆ ಕೂಗುತ್ತಿರಲಿಲ್ಲ.

ಮೇಲಿನ ಮಿತಿಯ ಲೆಕ್ಕ ಬೇರೆ. ಸುಮ್ನೆ ಉದಾಹರಣೆಗೆ ನಾಳೆ 25 ಕೋಟಿ ಡಾಲರ್‌ಗೆ ಮಿತಿ ಬಂತು ಅಂದುಕೊಳ್ಳಿ. 2025ರ ಲೆಕ್ಕದಲ್ಲಿ ಡಾಡ್ಜರ್ಸ್‌ಗೆ ಸಂಬಳದಲ್ಲಿ 16.7 ಕೋಟಿ, ತೆರಿಗೆಯಲ್ಲಿ 16.9 ಕೋಟಿ, ಒಟ್ಟು 33 ಕೋಟಿ ಡಾಲರ್‌ಗೂ ಮೇಲೆ ಉಳಿತಾಯ. ಅವರ ಟಿವಿ ಹಣ ಹಾಗೇ ಇರುತ್ತದೆ. ಮೈದಾನದ ಟಿಕೆಟ್ ಹಣ ಹಾಗೇ ಇರುತ್ತದೆ. ಜಪಾನಿನ ಜಾಹೀರಾತು ಹಾಗೇ ಇರುತ್ತದೆ. ಉಳಿದ 33 ಕೋಟಿ ಮಿಲ್ವಾಕಿಗೆ ಹೋಗುವುದಿಲ್ಲ, ಡಾಡ್ಜರ್ಸ್ ಮಾಲೀಕರ ಖಾತೆಯಲ್ಲೇ ಉಳಿಯುತ್ತದೆ. ತಂಡದ ಮಾರುಕಟ್ಟೆ ಬೆಲೆಯೂ ಏರುತ್ತದೆ. ಬಡ ತಂಡಕ್ಕೆ ಒಂದು ಡಾಲರ್ ಕೂಡ ಹೊಸದಾಗಿ ಬರುವುದಿಲ್ಲ.

ಮಿಲ್ವಾಕಿಗೆ ನಿಜವಾಗಿ ಬೇಕಾದದ್ದು ಎನ್‌ಎಫ್‌ಎಲ್‌ನಲ್ಲಿರುವಂತೆ ಟಿವಿ ಹಣದ ಸಮ ಹಂಚಿಕೆ. ಅದನ್ನು ಆಟಗಾರರ ಸಂಘ ಒಬ್ಬಂಟಿಯಾಗಿ ಕೊಡಲಾರದು. ಡಾಡ್ಜರ್ಸ್, ಯಾಂಕೀಸ್‌ನಂಥವರು ತಮ್ಮ ಪಾಲು ಬಿಟ್ಟುಕೊಡಬೇಕು. ಸ್ವಂತ ಅಣ್ಣತಮ್ಮಂದಿರ ಹತ್ತಿರ ಆಸ್ತಿ ಪಾಲು ಕೇಳುವುದಕ್ಕಿಂತ ಕೆಲಸದವರ ಕೂಲಿ ಕಡಿತ ಮಾಡುವುದು ಸುಲಭ. ಮಿತಿಯ ಬೇಡಿಕೆಗೆ ಇಷ್ಟು ಮಾಲೀಕರ ಬೆಂಬಲ ಸಿಗುವುದರ ಗುಟ್ಟು ಇದೇ ಅನ್ನಿಸುತ್ತದೆ. ಶ್ರೀಮಂತ ಮಾಲೀಕನಿಗೂ ಲಾಭ, ಬಡ ಮಾಲೀಕನಿಗೂ ಸಮಾಧಾನ, ಬಿಲ್ ಮಾತ್ರ ಮೂರನೆಯವರಿಗೆ.

ಎನ್‌ಎಫ್‌ಎಲ್‌ನಲ್ಲಿ ಮಿತಿಯ ಜೊತೆಗೆ ಆದಾಯದ ಕನಿಷ್ಠ 48 ಶೇಕಡಾ ಆಟಗಾರರಿಗೆ ಅಂತ ಬರೆದಿದ್ದಾರೆ. ಐಸ್ ಹಾಕಿಯಲ್ಲಿ ಅರ್ಧ ಅರ್ಧ. ಅಂಥ ಪಾಲು ಬೇಸ್‌ಬಾಲ್‌ನಲ್ಲೂ ಬರೆಯಬೇಕಾದರೆ ಆದಾಯ ಎಷ್ಟು ಅಂತ ಮೊದಲು ತೋರಿಸಬೇಕು. ಹೆಚ್ಚಿನ ಮಾಲೀಕರು ಲೆಕ್ಕದ ಪುಸ್ತಕ ಬಿಚ್ಚಲು ಇಷ್ಟಪಡುವವರಲ್ಲ.

ಡಿಸೆಂಬರ್‌ನಲ್ಲಿ ಏನಾಗಬಹುದು

ಒಪ್ಪಂದ ಆಗದಿದ್ದರೆ ಮಾಲೀಕರು ಲಾಕ್‌ಔಟ್ ಘೋಷಿಸಬಹುದು. ಮುಷ್ಕರದಲ್ಲಿ ಕೆಲಸ ನಿಲ್ಲಿಸುವವರು ಆಟಗಾರರು, ಲಾಕ್‌ಔಟ್‌ನಲ್ಲಿ ಗೇಟಿಗೆ ಬೀಗ ಹಾಕುವವರು ಮಾಲೀಕರು. ಬೀಗ ಬಿದ್ದ ಕ್ಷಣದಿಂದ ಆಟಗಾರರ ಖರೀದಿ, ಅದಲುಬದಲು, ತಂಡದ ಜಾಗಗಳಲ್ಲಿ ಅಭ್ಯಾಸ ಎಲ್ಲವೂ ಬಂದ್. 2021ರ ಡಿಸೆಂಬರ್ 2ರಿಂದ 99 ದಿನ ಹೀಗೆ ಆಗಿತ್ತು. 2022ರ ಮಾರ್ಚ್ 10ರಂದು ರಾಜಿ ಆದ್ದರಿಂದ ಆ ವರ್ಷದ 162 ಪಂದ್ಯಗಳೂ ನಡೆದವು. ಈ ಸಲವೂ ಡಿಸೆಂಬರ್, ಜನವರಿಯ ಬೀಗದಿಂದ ಯಾರಿಗೂ ದೊಡ್ಡ ನಷ್ಟ ಇಲ್ಲ. ಆಗ ಆಟಗಾರರ ಸಂಬಳವೂ ಇಲ್ಲ, ಟಿಕೆಟ್ ಮಾರಾಟವೂ ಇಲ್ಲ. ಬಿಸಿ ತಟ್ಟುವುದು ಮಾರ್ಚ್ ಕೊನೆಗೆ.

ಮಾಲೀಕರ ಮುಂದಾಳು, ಕಮಿಷನರ್ ರಾಬ್ ಮ್ಯಾನ್‌ಫ್ರೆಡ್‌ಗೆ ಇನ್ನೊಂದು ಗಡುವೂ ಇದೆ. ದೇಶಮಟ್ಟದ ಟಿವಿ ಒಪ್ಪಂದಗಳು 2028ಕ್ಕೆ ಒಟ್ಟಿಗೆ ಮುಗಿಯುತ್ತವೆ. ಆ ಹೊತ್ತಿಗೆ ಊರೂರಿನ ಹಕ್ಕುಗಳನ್ನೂ ಒಟ್ಟು ಮಾಡಿ ಒಂದೇ ಕಟ್ಟಾಗಿ ಮಾರಬೇಕು ಅನ್ನುವುದು ಅವರ ಯೋಜನೆ. ಅದು ನಡೆದರೆ ಸಮತೋಲನಕ್ಕೆ ಸಂಬಳದ ಮಿತಿಗಿಂತ ದೊಡ್ಡ ಮದ್ದು ಸಿಕ್ಕಂತೆ. ಆದರೆ ಡಾಡ್ಜರ್ಸ್‌ನ 25 ವರ್ಷದ ಒಪ್ಪಂದ 2038ರವರೆಗೂ ಇದೆ. ಅದನ್ನು ಹೇಗೆ ಒಳಗೆ ತರುತ್ತಾರೆ, ಬದಲಿಗೆ ಏನು ಕೊಡುತ್ತಾರೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ.

ಗಟ್ಟಿ ಮಿತಿ ಬರದೆ ನಡುದಾರಿಯಲ್ಲಿ ರಾಜಿ ಆಗುವ ಸಾಧ್ಯತೆಯೂ ಇದೆ. ತೆರಿಗೆ ಇನ್ನಷ್ಟು ಬಿಗಿಯಾಗಬಹುದು, ಬಾಕಿ ಇಡುವುದಕ್ಕೆ ಮಿತಿ ಬರಬಹುದು, ಕನಿಷ್ಠ ಖರ್ಚಿನ ನಿಯಮ ಬರಬಹುದು. ಸಣ್ಣ ವಯಸ್ಸಿನ ಆಟಗಾರರಿಗೆ ಹೆಚ್ಚು ಸಂಬಳ ಅನ್ನುವುದು ಸಂಘದ ಕಡೆಯ ಕೊಡುಕೊಳ್ಳುವಿಕೆ ಆಗಬಹುದು.

ಈ ಕೊನೆಯದಕ್ಕೆ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ ಕಡೆ ನೋಡಬೇಕು. 2025ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್ ಪ್ರಶಸ್ತಿ ಅವನಿಗೆ, ಒಂದು ಮತವೂ ಬೇರೆಡೆ ಹೋಗದೆ ಬಂತು. ಒಂಬತ್ತು ಇನ್ನಿಂಗ್ಸ್‌ಗೆ ಅವನು ಬಿಟ್ಟುಕೊಟ್ಟ ರನ್ ಸರಾಸರಿ 1.97. ಆದರೂ ಅವನ ಹೆಸರಿನ ಮುಂದೆ 10 ಗೆಲುವು, 10 ಸೋಲು ಇದೆ, ಯಾಕೆಂದರೆ ಅವನ ತಂಡ ರನ್ ಹೊಡೆಯಲಿಲ್ಲ. ಹೊಸಬರ ನಿಯಮದ ಪ್ರಕಾರ ಆ ವರ್ಷದ ಅವನ ಸಂಬಳ 10 ಲಕ್ಷ ಡಾಲರ್‌ಗಿಂತ ಕಡಿಮೆ ಇತ್ತು. ಆರು ವರ್ಷದ ಸೇವೆ ಮುಗಿಸಿ ಅವನು ತನಗೆ ಬೇಕಾದ ತಂಡಕ್ಕೆ ಹೋಗಬಹುದಾದದ್ದು 2029ರ ಸೀಸನ್ ಮುಗಿದ ಮೇಲೆ. ಪಿಟ್ಸ್‌ಬರ್ಗ್‌ನವರು ಈಗಾಗಲೇ ಬೆರಳು ಮಡಚಿ ಎಣಿಸುತ್ತಿದ್ದಾರೆ.